ಮುರಿದ ಬಾವಿಗೆ ಅಳತೆಯ ಟೋಪಿ

ಮನೆಯ ನಲ್ಲಿ ಮುರಿದು ನೀರು ಚಿಮ್ಮತೊಡಗಿದರೆ ನಾವೇನು ಮಾಡುತ್ತೇವೆ? ಬಟ್ಟೆ ಸುತ್ತುತ್ತೇವೆ, ಅಂಗೈಯಿಂದ ಅದುಮುತ್ತೇವೆ, ಕೊನೆಗೆ ತೊಟ್ಟಿಯ ಬಳಿಯ ವಾಲ್ವ್ ತಿರುಗಿಸಿ ಪ್ಲಂಬರ್‌ಗೆ ಹೇಳಿ ಕಳಿಸುತ್ತೇವೆ. ಆ ವಾಲ್ವೇ ಕೆಟ್ಟಿದ್ದರೆ? ಅದೂ ಒಂದೂವರೆ ಕಿಲೋಮೀಟರ್ ಆಳದ ಕಡಲ ತಳದಲ್ಲಿ? 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ ಇದೇ.

ಆ ವರ್ಷ ಏಪ್ರಿಲ್ 20ರ ರಾತ್ರಿ ಅಮೆರಿಕದ ಲೂಸಿಯಾನಾ ತೀರದಿಂದ ಸುಮಾರು 66 ಕಿ.ಮೀ. ದೂರದಲ್ಲಿ ‘ಡೀಪ್‌ವಾಟರ್ ಹೊರೈಜನ್’ ಎಂಬ ತೈಲಬಾವಿ ಕೊರೆಯುವ ರಿಗ್ ಸ್ಫೋಟಗೊಂಡು 11 ಕೆಲಸಗಾರರು ಸತ್ತರು. ಎರಡು ದಿನಗಳ ನಂತರ ರಿಗ್ ಮುಳುಗಿತು. ರಿಗ್ಗಿಗೂ ಬಾವಿಗೂ ನಡುವೆ ಇದ್ದ ‘ರೈಸರ್’ ಎಂಬ ದಪ್ಪ ಕೊಳವೆ ಮಡಿಚಿಕೊಂಡು ಕಡಲ ತಳಕ್ಕೆ ಬಿತ್ತು. ಅದರ ಬಿರುಕುಗಳಿಂದ ಎಣ್ಣೆ, ಅನಿಲ ಉಕ್ಕತೊಡಗಿದವು.

ಇಂಥ ಅಪಾಯಕ್ಕೆಂದೇ ಬಾವಿಯ ಬಾಯಿಯ ಮೇಲೆ ‘ಬ್ಲೋಔಟ್ ಪ್ರಿವೆಂಟರ್’ ಎಂಬ ಐದು ಮಹಡಿ ಎತ್ತರದ ಕವಾಟಗಳ ಗೋಪುರವಿತ್ತು. ಅದರೊಳಗಿನ ಉಕ್ಕಿನ ಅಲಗುಗಳು ಕೊಳವೆಯನ್ನು ಕತ್ತರಿಸಿ ದಾರಿ ಮುಚ್ಚಬೇಕಿತ್ತು. ಆದರೆ ಒಳಗಿನ ಕೊಳವೆ ಬಾಗಿ ಪಕ್ಕಕ್ಕೆ ಸರಿದಿದ್ದರಿಂದ ಅಲಗುಗಳು ಪೂರ್ತಿ ಕೂಡಲಿಲ್ಲ. ಇದು ಖಚಿತವಾದದ್ದು ಮಾತ್ರ ಆಮೇಲೆ, ಗೋಪುರವನ್ನು ಮೇಲೆತ್ತಿ ಪರೀಕ್ಷಿಸಿದಾಗ.

ಅಷ್ಟು ಆಳದಲ್ಲಿ ನೀರಿನ ಒತ್ತಡ ವಾಯುಮಂಡಲದ ಒತ್ತಡದ 150 ಪಟ್ಟು. ಮುಳುಗುಗಾರರು ಇಳಿಯುವ ಮಾತೇ ಇಲ್ಲ. ಮೇಲಿನ ಹಡಗುಗಳಲ್ಲಿ ಕುಳಿತು, ಕ್ಯಾಮೆರಾ ನೋಡುತ್ತಾ, ರೋಬಾಟ್ ಕೈಗಳಿಂದ ಎಲ್ಲವನ್ನೂ ಮಾಡಬೇಕು.

ಮೇ ಮೊದಲ ವಾರದಲ್ಲಿ ಸುಮಾರು 100 ಟನ್ನಿನ ಉಕ್ಕಿನ ಗೂಡೊಂದನ್ನು, ಬೋರಲು ಹಾಕಿದ ಆಲಿಕೆಯಂತೆ, ಸೋರಿಕೆಯ ಮೇಲೆ ಇಳಿಸಿದರು. ಎಣ್ಣೆ ಅದರ ತುದಿಯಿಂದ ಹಡಗಿಗೆ ಏರಬೇಕಿತ್ತು. ಆದದ್ದೇ ಬೇರೆ. ಹೆಚ್ಚು ಒತ್ತಡ, ಕಡಿಮೆ ಉಷ್ಣತೆ ಇರುವಲ್ಲಿ ಮೀಥೇನ್ ಅನಿಲವೂ ನೀರೂ ಸೇರಿ ‘ಹೈಡ್ರೇಟ್’ ಎಂಬ ಮಂಜುಗಡ್ಡೆಯಂಥ ವಸ್ತುವಾಗುತ್ತವೆ. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ ಎಂದು ಬಾಯಿಪಾಠ ಮಾಡಿದವರು ಗಮನಿಸಬೇಕು: ಹೈಡ್ರೇಟಿಗೆ ಅಷ್ಟು ಚಳಿ ಬೇಕಿಲ್ಲ, ಬೆಂಕಿ ತಗುಲಿಸಿದರೆ ಅದು ಉರಿಯುತ್ತದೆ ಕೂಡ! ಅದು ಆಲಿಕೆಯ ಕೊರಳನ್ನು ಕಟ್ಟಿತು. ನೀರಿಗಿಂತ ಹಗುರವಾದ್ದರಿಂದ ಗೂಡನ್ನೇ ಮೇಲೆತ್ತತೊಡಗಿತು.

ತಿಂಗಳ ಕೊನೆಗೆ ಭಾರವಾದ ಕೆಸರನ್ನೂ ರಬ್ಬರ್ ಚೂರು, ಗಾಲ್ಫ್ ಚೆಂಡುಗಳನ್ನೂ ಒಳಕ್ಕೆ ತುರುಕಿದರು. ಕೇಳಿದರೆ ನಗು ಬರಬಹುದು. ಚರಂಡಿ ಕಟ್ಟಿಕೊಳ್ಳುವುದೂ ಇಂಥ ಕಸದಿಂದಲೇ ಅಲ್ಲವೇ? ಅದೂ ಫಲಿಸಲಿಲ್ಲ. ಜೂನ್ 3ರಂದು ರೈಸರನ್ನು ಬುಡದಲ್ಲೇ ಕತ್ತರಿಸಿದರು. ವಜ್ರದ ಗರಗಸ ನಡುವೆ ಸಿಕ್ಕಿಕೊಂಡಿದ್ದರಿಂದ ದೈತ್ಯ ಕತ್ತರಿ ಬಳಸಬೇಕಾಯಿತು; ಅಂಚು ಒರಟಾಯಿತು. ಅದರ ಮೇಲೆ ಕೂರಿಸಿದ ಸಡಿಲ ಟೋಪಿಯೊಳಕ್ಕೆ ಈ ಸಲ ಹೈಡ್ರೇಟ್ ಕಟ್ಟದಂತೆ ಮೆಥನಾಲ್ ಹಾಯಿಸಿದರು. ಒಂದಿಷ್ಟು ಎಣ್ಣೆ ಹಡಗಿಗೆ ಬಂತು. ಉಳಿದದ್ದು ಕಡಲಿಗೆ, ತೀರದ ಮೀನುಗಾರರ ದೋಣಿಗಳು ನಿಂತೇ ಇದ್ದವು.

ಜುಲೈನಲ್ಲಿ ಯೋಚನೆಯ ದಿಕ್ಕು ಬದಲಾಯಿತು. ಒರಟು ಅಂಚಿಗೆ ಟೋಪಿ ಒಗ್ಗಿಸುವ ಬದಲು ಒಂದು ಮೆಟ್ಟಿಲು ಕೆಳಗಿಳಿದು, ಆರು ಬೋಲ್ಟ್‌ಗಳಿಂದ ಬಿಗಿದಿದ್ದ ಫ್ಲ್ಯಾಂಜನ್ನೇ ಬಿಚ್ಚುವುದು. ರೋಬಾಟ್‌ಗಳು ಬೋಲ್ಟ್ ಕಳಚಿ ತುಂಡು ಕೊಳವೆಯನ್ನು ತೆಗೆದವು. ಅಲ್ಲಿಗೆ ಅಳತೆಗೆ ಸರಿಯಾಗಿ ತಯಾರಿಸಿದ ಜೋಡಣೆಯ ಕೊಳವೆ ಕೂತಿತು: ಅದರ ಕೆಳತುದಿ ಹಳೆಯ ಫ್ಲ್ಯಾಂಜಿಗೆ, ಮೇಲ್ತುದಿ ಹೊಸ ಯಂತ್ರಕ್ಕೆ. ಅದರ ಮೇಲೆ ಸುಮಾರು 75 ಟನ್ನಿನ ಕವಾಟಗಳ ಗೋಪುರ. ಜುಲೈ 15ರಂದು ಕವಾಟಗಳನ್ನು ಒಂದೊಂದಾಗಿ ಮುಚ್ಚಿದರು. 87 ದಿನಗಳ ನಂತರ ಎಣ್ಣೆ ನಿಂತಿತು. ಹೊರಬಂದದ್ದು, ಅಮೆರಿಕ ಸರ್ಕಾರದ ಅಂದಾಜಿನಂತೆ, 49 ಲಕ್ಷ ಬ್ಯಾರೆಲ್. ಅಂದರೆ ಸುಮಾರು 78 ಕೋಟಿ ಲೀಟರ್.

ಆದರೂ ಯಾರೂ ನಿದ್ದೆ ಮಾಡುವಂತಿರಲಿಲ್ಲ. ಮೇಲೆ ಬಿಗಿದರೆ ಕೆಳಗೆ ಬಾವಿಯ ಗೋಡೆ ಸೀಳಿ ಎಣ್ಣೆ ಕಡಲ ತಳದಿಂದಲೇ ಉಕ್ಕಬಹುದು. ಆಗ ಯಾವ ಟೋಪಿಯೂ ಸಾಲದು. ಒತ್ತಡ ಚದರ ಅಂಗುಲಕ್ಕೆ 7,500 ಪೌಂಡ್ ಮೀರಿದರೆ ಬಾವಿ ಗಟ್ಟಿ, 6,000ಕ್ಕಿಂತ ಇಳಿದರೆ ಸೋರುತ್ತಿದೆ ಎಂದು ಲೆಕ್ಕ. ಕಂಡದ್ದು ಎರಡರ ನಡುವೆ, ಸುಮಾರು 6,700! ಕವಾಟ ಮತ್ತೆ ತೆರೆಯಬೇಕೆಂಬ ಮಾತು ಎದ್ದಿತು. ಆ ಒತ್ತಡದ ನಕ್ಷೆಯನ್ನು ಮೊಬೈಲ್ ಫೋನಿನಲ್ಲಿ ಫೋಟೊ ತೆಗೆದು ಕ್ಯಾಲಿಫೋರ್ನಿಯಾದಲ್ಲಿದ್ದ ಪಾಲ್ ಶೇ ಅವರಿಗೆ ಕಳಿಸಿದರು. ಅವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಅಂತರ್ಜಲ ತಜ್ಞರು, ತೈಲದವರಲ್ಲ. ನೆಲದೊಳಗಿನ ನೀರಿನ ಹರಿವಿಗೆಂದು ರಚಿಸಿದ ಕಂಪ್ಯೂಟರ್ ಲೆಕ್ಕವನ್ನೇ ಎಣ್ಣೆಗೆ ಹೊಂದಿಸಿ, ರಾತ್ರಿಯಿಡೀ ಕುಳಿತು, ಬಾವಿ ಸೋರದಿದ್ದರೂ ಒತ್ತಡ ಇಷ್ಟೇ ಇರಬಹುದೆಂದು ತೋರಿಸಿದರು. ಮೂರು ತಿಂಗಳು ಉಕ್ಕಿದ ಮೇಲೆ ಕೆಳಗಿನ ಒತ್ತಡವೇ ತಗ್ಗಿತ್ತು. ಕವಾಟ ಮುಚ್ಚಿಯೇ ಉಳಿಯಿತು.

ಆಗಸ್ಟ್‌ನಲ್ಲಿ ಮೇಲಿನಿಂದ ಕೆಸರು, ಸಿಮೆಂಟ್ ತುಂಬಿದರು. ಪಕ್ಕದಿಂದ ಕೊರೆದ ಇನ್ನೊಂದು ಬಾವಿಯ ಮೂಲಕ ಬುಡಕ್ಕೂ ಸಿಮೆಂಟ್ ಹೋಯಿತು. ಸೆಪ್ಟೆಂಬರ್ 19ರಂದು ಬಾವಿ ಸತ್ತಿತೆಂದು ಘೋಷಿಸಲಾಯಿತು. ಅವಘಡದ ನಂತರ ಇಂಥ ಟೋಪಿಗಳನ್ನು ಮೊದಲೇ ತಯಾರಿಸಿ ನಾರ್ವೆ, ಬ್ರೆಜಿಲ್, ಸಿಂಗಪುರಗಳಂಥ ಕಡೆ ಸಿದ್ಧವಾಗಿ ಇರಿಸಲಾಯಿತು.