ಓಟದ ಪರೀಕ್ಷೆಗೆ ವಾರ ಇರುವಾಗ ಕಾಲು ಕಲ್ಲಾಗೋದು ಯಾಕೆ?

ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆ ಹತ್ತಿರ ಬಂತು ಅಂದ್ರೆ ಕ್ರೀಡಾಂಗಣಗಳಲ್ಲಿ ಕೇಳಿಬರುವ ದೂರು ಇದು: 'ಪ್ರಾಕ್ಟೀಸ್ ಕಮ್ಮಿ ಮಾಡಿದ್ಮೇಲೆ ಕಾಲು ಎತ್ತೋಕೇ ಆಗ್ತಿಲ್ಲ.' ತಿಂಗಳುಗಟ್ಟಲೆ ನಸುಕಿನಲ್ಲೇ ಎದ್ದು ಓಡಿದವರಿಗೆ ರೆಸ್ಟ್ ಸಿಕ್ಕರೆ ಮೈ ಹಗುರ ಆಗಬೇಕಿತ್ತು. ಆಗೋದು ಉಲ್ಟಾ. ಮೆಟ್ಟಿಲು ಹತ್ತಿದರೂ ತೊಡೆ ಭಾರ, ಮಧ್ಯಾಹ್ನ ತೂಕಡಿಕೆ, ಎಲ್ಲದಕ್ಕೂ ಬೇಸರ. ಗಾಬರಿಯಾಗಿ ಮಾರನೇ ದಿನವೇ ಸ್ಟಾಪ್‌ವಾಚ್ ಹಿಡಿದು ಪೂರ್ತಿ 1600 ಮೀಟರ್ ಓಡಿ ನೋಡ್ತಾರೆ. ಟೈಮಿಂಗ್ ಕೆಡುತ್ತೆ, ಗಾಬರಿ ಡಬಲ್ ಆಗುತ್ತೆ.

ಈ ಜಡತ್ವ ಬಹುತೇಕ ಸಲ ದಮ್ಮು ಕಳೆದುಕೊಂಡಿದ್ದರ ಗುರುತಲ್ಲ, ದೇಹ ರಿಪೇರಿಗೆ ಕೂತಿರುವುದರ ಗುರುತು. ದಿನಾ ಓಡುವಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತಲೇ ಇರುತ್ತೆ. ಓಟ ಕಡಿಮೆ ಮಾಡಿದಾಗ ಅವು ಕೂಡಿಕೊಳ್ಳುತ್ತವೆ. ಜೊತೆಗೆ ಗ್ಲೈಕೋಜನ್ ಎಂಬ ಇಂಧನ ಸ್ನಾಯುಗಳಲ್ಲಿ ಮತ್ತೆ ತುಂಬುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತೂಕ ಒಂದು ಕೆ.ಜಿ.ವರೆಗೆ ಏರಬಹುದು, ಕಾಲು ಬಿಗಿದಂತೆ ಅನಿಸಬಹುದು. ಹಬ್ಬಕ್ಕೆ ಮುಂಚೆ ಸರಕು ತುಂಬಿಸಿದ ಅಂಗಡಿ ಥರ. ಒಳಗೆ ಓಡಾಡೋಕೆ ಜಾಗ ಇಲ್ಲ, ಆದರೆ ವ್ಯಾಪಾರ ಶುರುವಾದ ಮೇಲೆ ಗಿರಾಕಿ ವಾಪಸ್ ಹೋಗಲ್ಲ. ತೂಕ ಏರಿತು ಅಂತ ಈ ವಾರ ಊಟ ಬಿಡುವವರು ತುಂಬಿಸುತ್ತಿದ್ದ ಸರಕನ್ನೇ ಹೊರಗೆ ಹಾಕಿದ ಹಾಗೆ.

ಇನ್ನೊಂದು ಕಾರಣ ಅಭ್ಯಾಸ. ದಿನವೂ ಜೋರಾಗಿ ಓಡುವ ದೇಹ ಒಂದು ಬಗೆಯ ಉದ್ವೇಗದಲ್ಲೇ ಇರುತ್ತೆ, ದಣಿವು ಅದರಡಿ ಮುಚ್ಚಿಹೋಗಿರುತ್ತೆ. ಓಟ ನಿಧಾನವಾದಾಗ ಮುಚ್ಚಿದ್ದೆಲ್ಲ ಮೇಲೆ ಬರುತ್ತೆ.

ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಂದ್ರೆ 390 ಸೆಕೆಂಡ್. ಸರಿಯಾಗಿ ಅಭ್ಯಾಸ ಇಳಿಸಿದ ನುರಿತ ಓಟಗಾರರಲ್ಲಿ ಸುಧಾರಣೆ ಸಾಮಾನ್ಯವಾಗಿ ಶೇ 2ರಿಂದ 3ರಷ್ಟು ಕಂಡುಬರುತ್ತದೆ. ಶೇ 2 ಅಂದರೂ ಇಲ್ಲಿ ಸುಮಾರು 8 ಸೆಕೆಂಡ್. ಗೆರೆ ಹತ್ತಿರ ಎರಡು ಸೆಕೆಂಡಿಗೆ ಕೆಲಸ ಕೈತಪ್ಪುವ ಪರೀಕ್ಷೆಯಲ್ಲಿ ಇದು ಸಣ್ಣ ಮಾತಲ್ಲ.

ಇಳಿಸುವುದು ಅಂದ್ರೆ ಹಾಸಿಗೆ ಹಿಡಿಯೋದು ಅಲ್ಲ. ಕೊನೆಯ ಹತ್ತು-ಹದಿನಾಲ್ಕು ದಿನ ಓಡುವ ಒಟ್ಟು ದೂರವನ್ನು ಹಂತಹಂತವಾಗಿ ಅರ್ಧಕ್ಕೆ ತರಬೇಕು, ವೇಗ ಬಿಡಬಾರದು. ದಿನ ಬಿಟ್ಟು ದಿನ ಹಗುರವಾಗಿ ಓಡಿ, ಕೊನೆಗೆ 80-100 ಮೀಟರಿನ ನಾಲ್ಕೈದು ಚುರುಕು ಓಟ ಹಾಕಿದರೆ ಕಾಲಿನ ಬಿಗಿತ ಬಿಡುತ್ತೆ. ಪೂರ್ತಿ ದೂರದ ಟ್ರಯಲ್ ಕೊನೆಯ ನಾಲ್ಕೈದು ದಿನ ಬೇಡವೇ ಬೇಡ. ಅಷ್ಟು ದಿನದಲ್ಲಿ ಹೊಸ ಶಕ್ತಿ ಬರಲ್ಲ, ಇದ್ದದ್ದು ಖರ್ಚಾಗುತ್ತೆ.

ಇದೇ ಹೊತ್ತಿಗೆ ಮೆಡಿಕಲ್ ಶಾಪ್‌ಗೆ ಹೋಗಿ 'ಕಾಲು ಹಿಡ್ಕೊಂಡಿದೆ, ಒಳ್ಳೇ ಮಾತ್ರೆ ಕೊಡಿ' ಅನ್ನುವವರೂ ಇದ್ದಾರೆ. ಬಿಸಿಲಲ್ಲಿ ಬೆವರಿ ನೀರು ಕಮ್ಮಿಯಾದ ದೇಹಕ್ಕೆ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು. ಮುದ್ದೆ, ಅನ್ನ, ಬೇಳೆ, ಮೊಟ್ಟೆ ದಿನಾ ತಿನ್ನುವಷ್ಟು ತಿಂದು, ಎಂಟು ಗಂಟೆ ನಿದ್ದೆ ಮಾಡಿದರೆ ಮಾತ್ರೆಗಿಂತ ಹೆಚ್ಚು ಕೆಲಸ ಆಗುತ್ತೆ.

ಆದರೆ ಎಲ್ಲ ಸುಸ್ತನ್ನೂ ರೆಸ್ಟ್ ವಾರದ ಲೆಕ್ಕಕ್ಕೆ ಹಾಕಬಾರದು. ಬೆಳಿಗ್ಗೆ ಏಳುವ ಮೊದಲು ಒಂದು ನಿಮಿಷ ನಾಡಿ ಎಣಿಸಿ ಬರೆದಿಡುವುದು ಒಳ್ಳೆಯದು. ಅದು ಎಂದಿಗಿಂತ ಎಂಟು-ಹತ್ತು ಬಡಿತ ಹೆಚ್ಚಾಗಿ ಮೂರ್ನಾಲ್ಕು ದಿನ ಇಳಿಯದಿದ್ದರೆ, ಜ್ವರ ಇದ್ದರೆ, ನಡೆದಾಡಿದರೂ ಏದುಸಿರು ಬಂದರೆ ಡಾಕ್ಟರ್‌ಗೆ ತೋರಿಸಬೇಕು. 400 ಮೀಟರ್‌ಗೆ ತಯಾರಾಗುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯೇ ಕಾರಣವಾಗಿರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತೆ. ಅದನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಬಿಡದೆ ತಯಾರಿ ಶುರುಮಾಡುವಾಗಲೇ ಮಾಡಿಸಬೇಕು, ಯಾಕಂದ್ರೆ ಕಬ್ಬಿಣದ ಮಾತ್ರೆ ಕೆಲಸ ಮಾಡೋಕೆ ವಾರಗಳೇ ಹಿಡಿಯುತ್ತವೆ.