ಕೂದಲೆಳೆ ಸಾಕು, ಕ್ಯಾಮೆರಾ ನೀರುಪಾಲು!

ಮಳೆಗಾಲ ಮುಗಿದು ಕಡಲು ಶಾಂತವಾದೊಡನೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪದತ್ತ ಸ್ಕೂಬಾ ಡೈವಿಂಗ್ ದೋಣಿಗಳು ಮತ್ತೆ ಹೊರಡುತ್ತವೆ. ಹವಳ, ಬಣ್ಣದ ಮೀನುಗಳ ಲೋಕವನ್ನು ಸೆರೆಹಿಡಿಯಲು ಸ್ವಂತ ಕ್ಯಾಮೆರಾದೊಂದಿಗೆ ನೀರಿಗಿಳಿಯುವವರೂ ಇದ್ದಾರೆ. ಆ ಕ್ಯಾಮೆರಾವನ್ನು ಕಾಯುವುದು ಹೌಸಿಂಗ್ ಎಂಬ ಜಲನಿರೋಧಕ ಕವಚ. ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದಾಗಿರಲಿ, ಅಲ್ಯೂಮಿನಿಯಂನದಾಗಿರಲಿ, ಅದರ ಭದ್ರತೆಯೆಲ್ಲ ನಿಂತಿರುವುದು ಮುಚ್ಚಳದ ಅಂಚಿನಲ್ಲಿ ಕುಳಿತ ತೆಳುವಾದ ರಬ್ಬರ್ ಬಳೆಯ ಮೇಲೆ. ಇದೇ ಓ-ರಿಂಗ್.

ಆಳಕ್ಕಿಂತ ದಡವೇ ಅಪಾಯ

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 20 ಮೀಟರ್ ಆಳದಲ್ಲಿ ಹೌಸಿಂಗ್‌ನ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 2 ಕೆ.ಜಿ. ಹೆಚ್ಚುವರಿ ಭಾರ ಬೀಳುತ್ತದೆ. 10 ಸೆಂ.ಮೀ. ವ್ಯಾಸದ ಮುಂಗಾಜಿನ ಮೇಲೆ ಬೀಳುವ ಒಟ್ಟು ಭಾರ 150 ಕೆ.ಜಿ.ಗೂ ಅಧಿಕ. ಸೋಜಿಗವೆಂದರೆ, ಈ ಒತ್ತಡವೇ ಮುಚ್ಚಳವನ್ನು ಅದುಮಿ ಓ-ರಿಂಗನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆದ್ದರಿಂದ ನೀರು ಒಳನುಗ್ಗುವ ಸಂಭವ ಹೆಚ್ಚಾಗಿರುವುದು ಮೇಲ್ಮಟ್ಟದ ಕೆಲವೇ ಅಡಿಗಳಲ್ಲಿ. ದೋಣಿಯಲ್ಲಿರಿಸಿದ ತೊಳೆಯುವ ತೊಟ್ಟಿಯಲ್ಲೇ ಕ್ಯಾಮೆರಾ ಮುಳುಗಿ ಹಾಳಾಗುವುದೂ ಉಂಟು.

ರಬ್ಬರ್ ತನ್ನ ಸ್ಥಿತಿಸ್ಥಾಪಕ ಗುಣದಿಂದ ಎರಡು ಮೇಲ್ಮೈಗಳ ನಡುವಿನ ಸಂದನ್ನು ತುಂಬುತ್ತದೆ. ನಡುವೆ ಒಂದು ಕೂದಲು, ಮರಳಿನ ಕಣ ಅಥವಾ ಉಪ್ಪಿನ ಹರಳು ಸಿಕ್ಕಿಕೊಂಡರೆ ನೀರಿಗೆ ದಾರಿಯಾಗುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ನಾಶವಾದುದಕ್ಕೆ ಚಳಿಯಲ್ಲಿ ಸೆಡೆತ ಓ-ರಿಂಗ್ ವೈಫಲ್ಯವೇ ಕಾರಣವಾಗಿತ್ತು ಎಂಬುದನ್ನು ನೆನೆದರೆ ಈ ಪುಟ್ಟ ಬಳೆಯ ಮಹತ್ವ ಅರಿವಾದೀತು.

ಉಪ್ಪು ಒಣಗುವ ಮುನ್ನ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹೌಸಿಂಗ್ ಬಿಸಿಲಿನಲ್ಲಿ ಒಣಗಿದರೆ ಗುಂಡಿಗಳ ಸಂದುಗಳಲ್ಲಿ ಹರಳುಗಟ್ಟುವ ಈ ಉಪ್ಪು ಸುಲಭವಾಗಿ ಕರಗದು. ಆದ ಕಾರಣ ನೀರಿನಿಂದ ಮೇಲೆ ಬಂದ ಕೂಡಲೇ ಹೌಸಿಂಗನ್ನು ಸಿಹಿನೀರಿನಲ್ಲಿ ಮುಳುಗಿಸಬೇಕು. ತಕ್ಷಣ ಸಾಧ್ಯವಾಗದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಅರ್ಧ ಗಂಟೆಯಾದರೂ ನೆನೆಸಿ, ನೀರೊಳಗೇ ಪ್ರತಿ ಗುಂಡಿಯನ್ನೂ ಹಲವು ಬಾರಿ ಒತ್ತಿ ಬಿಡುವುದರಿಂದ ಸಂದಿನ ಉಪ್ಪು ಹೊರಬರುತ್ತದೆ. ಹಲವರ ಉಪಕರಣಗಳನ್ನು ತುಂಬಿದ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಡುವುದು ಸಲ್ಲದು. ಪರಸ್ಪರ ತಾಗಿ ಗಾಜು ಗೀರುಬೀಳಬಹುದು, ಕೊಂಡಿ ಸಡಿಲಬಹುದು. ಪ್ಲಾಸ್ಟಿಕ್ ಹೌಸಿಂಗ್‌ಗೆ ಸ್ಪಿರಿಟ್, ಪೆಟ್ರೋಲ್, ಥಿನ್ನರ್ ತಾಗಿಸಬಾರದು. ಇವುಗಳಿಂದ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಕೈ ಮತ್ತು ತಲೆಗೂದಲು ಪೂರ್ತಿ ಒಣಗಿದ ಬಳಿಕವೇ ಮುಚ್ಚಳ ತೆರೆಯಬೇಕು.

ಬಳೆಯ ಆರೈಕೆ

ಓ-ರಿಂಗನ್ನು ಪಿನ್ನು, ಚಾಕುಗಳಿಂದ ಕೀಳಬಾರದು. ಬೆರಳುಗಳಿಂದ ಒತ್ತಿ ಉಬ್ಬಿಸಿದರೆ ಅದು ತಾನಾಗಿ ಗಾಡಿಯಿಂದ ಮೇಲೇಳುತ್ತದೆ. ಬೆರಳ ತುದಿಯಲ್ಲಿ ಸವರುತ್ತಾ ಹೋದರೆ ಕಣ್ಣಿಗೆ ಕಾಣದ ಮರಳೂ, ಸೀಳೂ ಸ್ಪರ್ಶಕ್ಕೆ ಸಿಗುತ್ತವೆ. ಎಳೆ ಬಿಡುವ ಹತ್ತಿಯನ್ನು ಬಳಸದೆ ನುಣುಪಾದ ಬಟ್ಟೆಯಿಂದ ಗಾಡಿಯನ್ನು ಒರೆಸಬೇಕು. ಬಳಿಕ ತಯಾರಕರು ಸೂಚಿಸಿದ ಗ್ರೀಸನ್ನೇ ಕಡಲೆಕಾಳಿಗಿಂತ ಕಡಿಮೆ ತೆಗೆದುಕೊಂಡು, ಬಳೆ ಹೊಳೆಯುವಷ್ಟು ಮಾತ್ರ ಸವರಬೇಕು. ನೀರನ್ನು ತಡೆಯುವುದು ಗ್ರೀಸ್ ಎಂಬುದು ತಪ್ಪು ಕಲ್ಪನೆ. ಬಳೆಯು ತಿರುಚದೆ ಕುಳಿತುಕೊಳ್ಳಲು ನೆರವಾಗುವುದಷ್ಟೇ ಅದರ ಕೆಲಸ. ಅತಿಯಾಗಿ ಬಳಿದರೆ ಧೂಳು, ಕೂದಲುಗಳನ್ನು ಅದೇ ಸೆಳೆದುಕೊಳ್ಳುತ್ತದೆ.

ಡೈವಿಂಗ್‌ನ ದಿನ ದೋಣಿಯ ಗಡಿಬಿಡಿಯಲ್ಲಿ ಹೌಸಿಂಗ್ ಮುಚ್ಚುವುದಕ್ಕಿಂತ ಹಿಂದಿನ ರಾತ್ರಿಯೇ ತೇವವಿಲ್ಲದ ಕೋಣೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣವಿಟ್ಟು ಮುಚ್ಚುವುದು ಮೇಲು. ಗಾಜಿನ ಮೇಲೆ ಮಂಜು ಕವಿಯುವುದು ಇದರಿಂದ ತಪ್ಪುತ್ತದೆ. ಪೊಟ್ಟಣದ ಅಂಚು ಓ-ರಿಂಗ್‌ಗೆ ಸಿಲುಕದಂತೆ ನೋಡಿಕೊಳ್ಳಬೇಕು. ಕ್ಯಾಮೆರಾ ಇಡುವ ಮುನ್ನ ಖಾಲಿ ಹೌಸಿಂಗನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುವುದು ಒಳಿತು.

ನೀರು ನುಗ್ಗಿದರೆ

ಒಳಗೆ ಹನಿಗಳು ಕಂಡರೆ ಗಾಬರಿಯಿಂದ ಮೇಲಕ್ಕೆ ಧಾವಿಸಬಾರದು. ವೇಗವಾಗಿ ಏರಿದರೆ ಶ್ವಾಸಕೋಶಕ್ಕೆ ಮಾರಣಾಂತಿಕ ಹಾನಿ ಸಂಭವಿಸಬಹುದು. ಕ್ಯಾಮೆರಾ ಮತ್ತೆ ಕೊಳ್ಳಬಹುದು, ಜೀವವನ್ನಲ್ಲ. ಮುಂಗಾಜು ಕೆಳಮುಖವಾಗಿರುವಂತೆ ಹಿಡಿದು, ನೀರು ಅಲ್ಲಿಯೇ ನಿಲ್ಲುವಂತೆ ಮಾಡಿ, ಎಂದಿನ ನಿಧಾನಗತಿಯಲ್ಲೇ ಮೇಲೇರಬೇಕು. ಒಳಗಿನ ಗಾಳಿ ಒತ್ತಡದಲ್ಲಿರುವ ಸಾಧ್ಯತೆ ಇರುವುದರಿಂದ ಮುಖವನ್ನು ದೂರವಿರಿಸಿ ಮುಚ್ಚಳ ತೆರೆದು, ಮೊದಲು ಬ್ಯಾಟರಿಯನ್ನು ಬೇರ್ಪಡಿಸಬೇಕು. ಉಪ್ಪುನೀರು ತಾಗಿದ ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ಮತ್ತೆ ಚಾರ್ಜ್ ಮಾಡಬಾರದು.

ಮಳೆಗಾಲದ ವಿರಾಮದಲ್ಲಿ

ಮುಂಗಾರಿನಲ್ಲಿ ಕರಾವಳಿಯ ಡೈವಿಂಗ್ ನಿಲ್ಲುತ್ತದೆ. ಆಗ ಹೌಸಿಂಗನ್ನು ಬಿಗಿಯಾಗಿ ಮುಚ್ಚಿಟ್ಟರೆ ಸದಾ ಅದುಮಿಕೊಂಡಿರುವ ಓ-ರಿಂಗ್ ಚಪ್ಪಟೆಯಾಗಿ ತನ್ನ ಗುಣ ಕಳೆದುಕೊಳ್ಳುತ್ತದೆ. ಅದನ್ನು ಹೊರತೆಗೆದು ಪ್ಲಾಸ್ಟಿಕ್ ಚೀಲದಲ್ಲಿ, ಬಿಸಿಲು ತಾಗದೆಡೆ ಇರಿಸಬೇಕು. ಗುಂಡಿಗಳೊಳಗಿನ ಸಣ್ಣ ಬಳೆಗಳು ನಮ್ಮ ಕೈಗೆಟುಕವು. ಅವುಗಳನ್ನು ನಿಯತವಾಗಿ ನುರಿತವರಿಂದ ಪರಿಶೀಲಿಸಿಕೊಳ್ಳಬೇಕು. ಹೊಸ ಓ-ರಿಂಗ್‌ನ ಬೆಲೆ ಕ್ಯಾಮೆರಾದ ಬೆಲೆಯ ಮುಂದೆ ತೀರಾ ಅಲ್ಪ. ಸಂಶಯ ಬಂದಾಗ ಹಳೆಯದನ್ನೇ ನಂಬಿ ನೀರಿಗಿಳಿಯುವುದಕ್ಕಿಂತ ಹೊಸದನ್ನು ಹಾಕಿಕೊಳ್ಳುವುದೇ ಜಾಣತನ.