ಅಕ್ಷರಕ್ಕೆ ಭೂತ ಹೊಕ್ಕಾಗ: ಅಂತರ್ಜಾಲದ ವಿಕಾರ ಬರಹ

ಸಾಲಿನ ಮೇಲಕ್ಕೂ ಕೆಳಕ್ಕೂ ಮುಳ್ಳಿನಂತೆ ಚಾಚಿಕೊಂಡ ಇಂಗ್ಲಿಷ್ ಅಕ್ಷರಗಳನ್ನು ಅಂತರ್ಜಾಲದಲ್ಲಿ ನಾವು ಆಗಾಗ ಕಾಣುತ್ತೇವೆ. ಗಣಕಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. 2004ರಲ್ಲಿ ಅಮೆರಿಕದ ಹಾಸ್ಯ ಜಾಲತಾಣವೊಂದರಲ್ಲಿ ಹುಟ್ಟಿದ 'ಜಾಲ್ಗೊ' ಎಂಬ ಕಲ್ಪಿತ ದುಷ್ಟಶಕ್ತಿಯ ಹೆಸರೇ ಮುಂದೆ ಈ ಬರಹಕ್ಕೂ ಅಂಟಿಕೊಂಡಿತು.

ಇದರ ಗುಟ್ಟು ಕನ್ನಡಿಗರಿಗೆ ಸುಲಭಗ್ರಾಹ್ಯ. ಯೂನಿಕೋಡಿನಲ್ಲಿ 'ಕಿ' ಎಂಬುದು ಒಂದು ಸಂಕೇತವಲ್ಲ; 'ಕ' ಮತ್ತು ಅದಕ್ಕೆ ಅಂಟುವ ಗುಡಿಸು, ಹೀಗೆ ಎರಡು. ರೋಮನ್ ಮೊದಲಾದ ಲಿಪಿಗಳ ಅಕ್ಷರಗಳಿಗೆ ಮೇಲೂ ಕೆಳಗೂ ಕೂಡುವ ಗುರುತುಗಳಿಗೆಂದೇ 112 ಸ್ಥಾನಗಳ ವಿಭಾಗವೊಂದಿದೆ. ಒಂದಕ್ಷರಕ್ಕೆ ಇಂತಿಷ್ಟೇ ಎಂಬ ಕಟ್ಟುನಿಟ್ಟಿಲ್ಲವಾದುದರಿಂದ ಹತ್ತಿಪ್ಪತ್ತು ಗುರುತುಗಳನ್ನು ಪೇರಿಸಿದರೆ ಅಕ್ಷರಕ್ಕೆ ಭೂತ ಹೊಕ್ಕಂತಾಗುತ್ತದೆ.

ನೋಡಲು ಮೋಜೇ ಸರಿ. ಆದರೆ ನಾಟಕದ ಹೆಸರನ್ನೋ ಸಭೆಯ ದಿನಾಂಕವನ್ನೋ ಹೀಗೆ ಬರೆದರೆ, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿದ ಅಂಧ ಓದುಗರು ಗುರುತುಗಳ ಹೆಸರಿನ ಗದ್ದಲವನ್ನಷ್ಟೇ ಕೇಳಬೇಕಾದೀತು. ಹುಡುಕಿದವರಿಗೂ ಆ ಪದ ಸಿಗದೆ ಹೋದೀತು. ಅಲಂಕಾರಕ್ಕಾಗಿ ಓದುಗರನ್ನು ಹೊರಗಿಡುವುದು ನಮಗಂತೂ ಸಮ್ಮತವಲ್ಲ.

ಪರ್ಯಾಯವುಂಟು. ಜಾಲಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ 'ಟೆಕ್ಸ್ಟ್-ಷ್ಯಾಡೋ' ಎಂಬ ಸೂಚನೆಯಿದೆ. ಶೀರ್ಷಿಕೆಯ ಎಡಕ್ಕೆ ಎರಡು ಪಿಕ್ಸೆಲ್ ಕೆಂಪು ನೆರಳು, ಬಲಕ್ಕೆ ಅಷ್ಟೇ ಹಸಿರುನೀಲಿ ನೆರಳು ಕೊಟ್ಟರೆ ಹಳೆಯ ಟಿ.ವಿ.ಯ ಕೆಟ್ಟ ಚಿತ್ರದಂತೆ ಅಕ್ಷರ ಒಡೆದು ಕಾಣುತ್ತದೆ. ನಮ್ಮ ಒತ್ತಕ್ಷರಗಳಿಗೂ ಇದು ಸಲ್ಲುತ್ತದೆ, ಒಳಗಿನ ಬರಹವೂ ಕೆಡದು. ಮಿನುಗಿಸುವ ಆಸೆಯಿದ್ದವರು ಮಾತ್ರ ಸೆಕೆಂಡಿಗೆ ಮೂರು ಬಾರಿಯನ್ನು ಮೀರಬಾರದು. ಅಪಸ್ಮಾರವುಳ್ಳ ಕೆಲವರಿಗೆ ಅದು ಅಪಾಯಕಾರಿ.